ನಕ್ಕವರ ಪಟ್ಟಿ

“‘ಬೋಳಿಮಗ’ ಅಂದದ್ದು ಒಂದು ಸಲವೋ ಎರಡು ಸಲವೋ?”

ಇನ್‌ಸ್ಪೆಕ್ಟರು ಕನ್ನಡಕದ ಮೇಲಿನಿಂದ ನೋಡಿದ. ಎದುರಿಗೆ ನಿಂತಿದ್ದ ಹೆಂಗಸು ಬೆರಳು ಮಡಿಚಿ ಲೆಕ್ಕ ಹಾಕಿದಳು.

“ಒಂದೇ ಸಲ ಸಾರ್. ಮೊದಲನೇದು ಬೆಕ್ಕಿಗೆ.”

“ಬೆಕ್ಕಿಗಾ?”

“ಪರಚಿಬಿಡ್ತು ಸಾರ್. ಬಾಣಂತಿ ಅಲ್ವಾ, ಮರಿ ಮುಟ್ಟೋಕೆ ಹೋದೆ.”

“ಬೆಕ್ಕು ಹೆಣ್ಣಾದರೆ ಬೋಳಿಮಗ ಹೇಗಾಗುತ್ತೇ?”

“ಆ ಹೊತ್ತಿಗೆ ಬಾಯಿಗೆ ಅದೇ ಬಂತು ಸಾರ್.”

ಮೂಲೆಯಲ್ಲಿ ಕಂಪ್ಯೂಟರಿನ ಮುಂದೆ ಕೂತು ಹೇಳಿಕೆ ಟೈಪು ಮಾಡುತ್ತಿದ್ದ ಪೇದೆ ಕೆಮ್ಮಿದ. ನಗು ಬಂದಾಗ ಕೆಮ್ಮುವುದನ್ನು ಅವನು ಕೆಲಸಕ್ಕೆ ಸೇರಿದ ಮೊದಲ ವರ್ಷವೇ ಕಲಿತಿದ್ದ.

“ನಗಬೇಡ್ವೋ, ಅದೂ ಕಲಮ್ಮಿಗೆ ಬರುತ್ತೆ,” ಎಂದು ಇನ್‌ಸ್ಪೆಕ್ಟರು ಗದರಿದ. “ಬರ್ಕೋ. ಎರಡನೇ ಬೋಳಿಮಗ, ಮಾನ್ಯ ನಿರ್ದೇಶಕರಿಗೆ. ಮೊದಲನೇ ಬೋಳಿಮಗ, ಪರಚಿದ ಬೆಕ್ಕಿಗೆ. ಬೆಕ್ಕಿನ ಕಡೆಯಿಂದ ದೂರು ಬಂದಿಲ್ಲ.”

ಹೆಂಗಸನ್ನು ಆಸ್ಪತ್ರೆಯಲ್ಲಿ ಎಲ್ಲರೂ ತುತ್ತೂರಿ ಎನ್ನುತ್ತಿದ್ದರು. ಆಸ್ಪತ್ರೆಯ ಹಿಂಭಾಗದಲ್ಲಿ ಬಟ್ಟೆ ಒಗೆಯುವ ಶೆಡ್ಡು. ಅಲ್ಲಿ ನಾಲ್ಕು ತೊಟ್ಟಿಗಳಲ್ಲಿ ನೀರು ಕುದಿಯುತ್ತದೆ, ಹಬೆ ಎಳೆಯುವ ಫ್ಯಾನು ಅರಚುತ್ತದೆ. ಪಕ್ಕದವಳಿಗೆ ಒಂದು ಮಾತು ಕೇಳಿಸಬೇಕಾದರೂ ಕೂಗಬೇಕು. ಇಪ್ಪತ್ತೆರಡು ವರ್ಷ ಕೂಗಿ ಕೂಗಿ ಅವಳ ಗಂಟಲು ಎಷ್ಟು ಪಳಗಿತ್ತೆಂದರೆ, ಶೆಡ್ಡಿನಲ್ಲಿ ಅವಳು “ಸೋಪು ತಾರೇ” ಎಂದರೆ ಮೂರನೇ ಮಹಡಿಯಲ್ಲಿ ಆಪರೇಷನ್ ಆದವರು ಕಣ್ಣು ಬಿಡುತ್ತಿದ್ದರು. ಹೊಲಿಗೆ ಬಿಚ್ಚಿಕೊಂಡರೆ ಅವಳದೇ ತಪ್ಪು ಎಂದು ಡಾಕ್ಟರುಗಳು ತಮಾಷೆ ಮಾಡುತ್ತಿದ್ದರು. ತಮಾಷೆಗಿಂತ ಹೆಚ್ಚಿಗೆ ಅವರು ಅವಳ ಜೊತೆ ಮಾತಾಡಿದ್ದಿಲ್ಲ.

ಆದದ್ದಿಷ್ಟು. ಹಳೆಯ ಒಗೆಯುವ ಮಿಷನ್ನು ಕೆಟ್ಟು ಎರಡು ವರ್ಷವಾಗಿತ್ತು. ರಕ್ತ, ಕೀವು, ವಾಂತಿ ಹತ್ತಿದ ಹಾಸಿಗೆ ಬಟ್ಟೆಯೆಲ್ಲ ಕೈಯಲ್ಲೇ ಆಗಬೇಕು, ಕ್ಷಾರ ಬೆರೆಸಿದ ಬಿಸಿನೀರಿನಲ್ಲಿ. ಮೂರು ತಿಂಗಳಿಗೆ ಒಂದು ಜೊತೆ ರಬ್ಬರ್ ಗವುಸು; ಅದು ಮೂರನೇ ವಾರಕ್ಕೆ ತೂತು. ಕೊನೆಗೊಂದು ದಿನ ಹೊಸ ಮಿಷನ್ನು ಬಂತು. ಆಳೆತ್ತರದ್ದು, ಕನ್ನಡಿಯ ಹಾಗೆ ಮಿರುಗುವಂಥದ್ದು. ಮಂತ್ರಿಗಳು ಬಂದು ರಿಬ್ಬನ್ನು ಕತ್ತರಿಸಿದರು. ಆಸ್ಪತ್ರೆಯ ನಿರ್ದೇಶಕ, ಎಲ್ಲರ ಬಾಯಲ್ಲಿ ದೊಡ್ಡಸಾಹೇಬ, ಗುಂಡಿ ಒತ್ತಿದ. ಹಸಿರು ದೀಪ ಹತ್ತಿತು. ಚಪ್ಪಾಳೆ ಬಿತ್ತು. ಎಲ್ಲರೂ ಹೋದ ಮೇಲೆ ಹೆಂಗಸರು ಬಟ್ಟೆ ತುಂಬಿ ಅದೇ ಗುಂಡಿ ಒತ್ತಿದರು. ದೀಪ ಹತ್ತಿತು, ಬೇರೇನೂ ಆಗಲಿಲ್ಲ. ಹಿಂದಿನ ತಗಡು ತೆಗೆದು ನೋಡಿದರೆ ಮೋಟಾರಿಲ್ಲ, ಬೆಲ್ಟಿಲ್ಲ, ನೀರಿನ ಪೈಪಿಲ್ಲ. ಆ ದೀಪಕ್ಕೊಂದು ವೈರು, ಅಷ್ಟೇ.

“ಮೋಟಾರು ಬೇರೆ ಬರುತ್ತೆ,” ಎಂದ ದೊಡ್ಡಸಾಹೇಬನ ಗುಮಾಸ್ತ.

ಒಂದು ತಿಂಗಳು ಕಳೆಯಿತು. ಮೋಟಾರು ಬರಲಿಲ್ಲ, ಬೆಕ್ಕು ಬಂತು. ಡ್ರಮ್ಮಿನೊಳಗೆ ಹೊಕ್ಕು ನಾಲ್ಕು ಮರಿ ಹಾಕಿತು.

ತುತ್ತೂರಿಯ ಮಗಳು ಅದೇ ಆಸ್ಪತ್ರೆಯಲ್ಲಿ ನರ್ಸ್ ತರಬೇತಿಯಲ್ಲಿದ್ದಳು, ಮೂರನೇ ವರ್ಷ. ಮಧ್ಯಾಹ್ನದ ಬಿಡುವಿನಲ್ಲಿ ಅಮ್ಮನನ್ನು ನೋಡಲು ಶೆಡ್ಡಿಗೆ ಬಂದಿದ್ದವಳ ಕೈಯಲ್ಲಿ ಫೋನಿತ್ತು. “ಹಿಡಿಯೇ,” ಎಂದಳು ತುತ್ತೂರಿ. ಡ್ರಮ್ಮಿನ ಬಾಗಿಲು ತೆಗೆದು ನಿಂತು, ಅವಳ ಪಾಲಿಗೆ ಮೆಲ್ಲಗೆ, ಅಂದರೆ ಬೀದಿಯ ಆ ಕಡೆಗೂ ಕೇಳುವಂತೆ, ಹೇಳಿದಳು:

“ನೋಡಿ, ಇದು ಮಂತ್ರಿಗಳು ಉದ್ಘಾಟನೆ ಮಾಡಿದ ಮಿಷನ್ನು. ಒಳಗೆ ಮೋಟಾರಿಲ್ಲ, ಹೆರಿಗೆ ವಾರ್ಡಿದೆ. ಈ ಆಸ್ಪತ್ರೇಲಿ ಯಾರ ಕೈನೂ ಬೆಚ್ಚಗೆ ಮಾಡದೆ ಆದ ಹೆರಿಗೆ ಇದೊಂದೇ. ಥೂ ಬೋಳಿಮಗ, ಪರಚ್ತೀಯಾ!”

ಆಮೇಲೆ ಪಕ್ಕದ ತೊಟ್ಟಿಯಲ್ಲಿ ಬಟ್ಟೆ ಅದ್ದುತ್ತಿದ್ದ ದೊಡ್ಡಕ್ಕನ ಕೈ ಹಿಡಿದೆಳೆದು ಫೋನಿನ ಮುಂದಿಟ್ಟಳು. ದೊಡ್ಡಕ್ಕ ಶೆಡ್ಡಿನಲ್ಲಿ ಎಲ್ಲರಿಗಿಂತ ಹಿರಿಯಳು, ಮಾತು ಕಡಿಮೆ. ಅಂಗೈಯ ಚರ್ಮ ಬೆಂದು, ಸುಲಿದು, ಮತ್ತೆ ಬೆಂದು, ಬೆರಳ ತುದಿಗಳು ಬಿಳಚಿಕೊಂಡು ನುಣ್ಣಗಾಗಿದ್ದವು. ಗೆಣ್ಣುಗಳಲ್ಲಿ ಕೆಂಪಗೆ ಬಾಯಿ ಬಿಟ್ಟ ಬಿರುಕು.

“ಮಿಷನ್ ತಿರುಗದಿದ್ರೆ ಈ ಕೈ ತಿರುಗುತ್ತೆ. ಆ ತಗಡಿನ ಡಬ್ಬ ತಂದ ಬೋಳಿಮಗ ದೊಡ್ಡಸಾಹೇಬನಿಗೆ ಒಂದೇ ಒಂದು ದಿನ ಈ ತೊಟ್ಟೀಲಿ ಕೈ ಅದ್ದೋಕೆ ಹೇಳಿ. ಕೈ ಬೇಡ ಅಂದ್ರೆ ಮುಕಳಿ ಅದ್ದಲಿ, ಅದಕ್ಕಾದ್ರೂ ಬಿಸಿ ತಟ್ಟಲಿ.”

ಒಂದೂವರೆ ನಿಮಿಷ. ಸಂಜೆಯೊಳಗೆ ಊರೆಲ್ಲ ನೋಡಿತ್ತು. ಮೂರನೇ ದಿನ ಮೋಟಾರಿನ ಬದಲು ಪೊಲೀಸು ಜೀಪು ಬಂತು.

“ಘನತೆ ಕಾಯ್ದೆ, ಹನ್ನೊಂದನೇ ಕಲಂ,” ಇನ್‌ಸ್ಪೆಕ್ಟರು ಪುಸ್ತಕ ತೆರೆದು ಓದಿದ. “ಸಾರ್ವಜನಿಕ ಹುದ್ದೆಯಲ್ಲಿರುವವರನ್ನು ಜಾಲತಾಣದಲ್ಲಿ ಹಗುರವಾಗಿ ಕಾಣಿಸುವಂತೆ ಮಾಡುವ ಮಾತು, ಚಿತ್ರ, ಧ್ವನಿ ಅಥವಾ ಚಿಹ್ನೆ. ಮೂರು ವರ್ಷ.”

“ಹಗುರ ಅಂದ್ರೆ ಸಾರ್?”

“ತೂಕ ಕಮ್ಮಿ ಮಾಡೋದು.”

“ದೊಡ್ಡಸಾಹೇಬ್ರು ಹೋದ ವರ್ಷ ವಾರ್ಡಿನ ತೂಕದ ಮಿಷನ್ ಮೇಲೆ ನಿಂತು ಅದನ್ನೇ ಮುರಿದರು ಸಾರ್. ನಾನೊಬ್ಬಳು ಎಷ್ಟಂತ ಕಮ್ಮಿ ಮಾಡಲಿ?”

ಇನ್‌ಸ್ಪೆಕ್ಟರು ಬಾಗಿಲ ಕಡೆ ಗದ್ದದಿಂದ ಸನ್ನೆ ಮಾಡಿದ. ಬಾಗಿಲ ಹತ್ತಿರವಿದ್ದ ಮಹಿಳಾ ಪೇದೆ ಎರಡು ಹೆಜ್ಜೆ ಮುಂದೆ ಬಂದು ತುತ್ತೂರಿಯ ಕಪಾಳಕ್ಕೆ ಬಿಟ್ಟಳು. ತಿರುಗಿ ಹೋಗಿ ಇದ್ದಲ್ಲೇ ನಿಂತಳು.

ತುತ್ತೂರಿಯ ಕಿವಿ ಗುಂಯ್ ಎಂದಿತು. ನಾಲಿಗೆಯಿಂದ ಹಲ್ಲು ತಡವಿ ನೋಡಿಕೊಂಡಳು. ಎಲ್ಲ ಇದ್ದವು.

“ಮಿಷನ್ನಲ್ಲಿ ಮೋಟಾರು ಇಲ್ಲದ್ದು ನಿಜ ಸಾರ್. ಬಂದು ನೋಡಿ ಬೇಕಾದ್ರೆ.”

“ಈ ಕಲಮ್ಮಲ್ಲಿ ನಿಜ ಸುಳ್ಳು ಅಂತ ಏನೂ ಇಲ್ಲ. ಹಗುರ ಆಯ್ತಾ ಇಲ್ವಾ, ಅಷ್ಟೇ. ನಿಜ ಆದ್ರೆ ಇನ್ನೂ ಹಗುರ ಆಗುತ್ತೆ.” ಹಾಗೆಂದು ಅವನು ಮೇಜಿನ ಮೇಲಿದ್ದ ಫೋನನ್ನು ಪೆನ್ನಿನ ತುದಿಯಿಂದ ತಳ್ಳಿದ. “ಇದು ನಿನ್ನ ಮಗಳದು. ಖಾತೆ ಮಗಳದು. ಆಡಿದ್ದು ನೀನು, ಹಾಕಿದ್ದು ಅವಳು. ಕಲಂ ಪ್ರಕಾರ ಇಬ್ಬರದೂ ಸಮಸಮ.”

ಅಲ್ಲಿಯವರೆಗೂ ಆಡಿದ್ದೆಲ್ಲ ತುತ್ತೂರಿಗೆ ಒಂದು ಲೆಕ್ಕವೇ ಆಗಿರಲಿಲ್ಲ. ಈಗ ಅವಳು ಮೇಜಿನ ಅಂಚು ಹಿಡಿದು ಮುಂದೆ ಬಾಗಿದಳು.

“ಅವಳಿಗೇನೂ ಗೊತ್ತಿಲ್ಲ ಸಾರ್. ಫೋನು ನಾನೇ ಕದ್ದೆ.”

“ಕದ್ದು ಖಾತೆ ತೆಗೆದು ಅಪ್‌ಲೋಡ್ ಮಾಡಿದೆಯಾ? ನಿನ್ನ ಸಹಿ ಹಾಕೋಕೇ ನಿನಗೆ ಕಾಲು ಗಂಟೆ ಬೇಕು.”

“ಕಲಿತಿದೀನಿ ಸಾರ್. ನಿಧಾನಕ್ಕೆ ಓದ್ತೀನಿ ಕೂಡ.”

ಪೇದೆ ಮತ್ತೆ ಕೆಮ್ಮಿದ.

ಎರಡು ದಿನ ಅವಳನ್ನು ಲಾಕಪ್ಪಿನಲ್ಲಿಟ್ಟರು. ಕಂಬಿಯ ಈಚೆಯಿಂದ ಅವಳು ಠಾಣೆಯ ಹಜಾರವನ್ನು ನೋಡುತ್ತ ಕೂತಳು, ಮತ್ತು ಅಂಥ ದೃಶ್ಯವನ್ನು ಅವಳು ಜನ್ಮದಲ್ಲಿ ಕಂಡಿರಲಿಲ್ಲ. ಆ ವಿಡಿಯೋದ ಕೆಳಗೆ ನಗುವ ಮುಖದ ಚಿಹ್ನೆ ಒತ್ತಿದವರನ್ನೆಲ್ಲ ಕರೆಸುತ್ತಿದ್ದರು. ಕಲಮ್ಮಿನಲ್ಲಿ ‘ಚಿಹ್ನೆ’ ಎಂದಿತ್ತಲ್ಲ. ಔಷಧಿ ಅಂಗಡಿಯವನು ಬಂದ, ಬಸ್ ಕಂಡಕ್ಟರ್ ಬಂದ, ಹೊಟ್ಟೆ ಮುಂದು ಮಾಡಿಕೊಂಡು ಒಬ್ಬಳು ಬಸುರಿ ಬಂದಳು.

“ನಗುವ ಮುಖ ಯಾಕೆ ಒತ್ತಿದೆ?” ಎಂದರೆ ಒಬ್ಬ ನಿವೃತ್ತ ಮೇಷ್ಟ್ರು, “ಅಳುವ ಮುಖ ಒತ್ತೋಕೆ ಹೋದೆ, ಬೆರಳು ಜಾರಿತು,” ಎಂದರು.

“ಅಳುವಂಥದ್ದು ಏನಿತ್ತು?”

ಮೇಷ್ಟ್ರು ಯೋಚಿಸಿದರು. “ಅದೂ ಹೇಳಿದರೆ ಇನ್ನೊಂದು ಕಲಂ ಹಾಕ್ತೀರಿ. ನಕ್ಕೆ ಅಂತಲೇ ಬರ್ಕೊಳ್ಳಿ.”

ಎರಡನೆಯ ದಿನ ಮಗಳು ಬಂದಳು. ತರಬೇತಿಯ ನೀಲಿ ಯೂನಿಫಾರ್ಮಿನಲ್ಲೇ ಇದ್ದಳು. ಅತ್ತು ಅತ್ತು ಮೂಗು ಕೆಂಪಾಗಿತ್ತು.

“ದೊಡ್ಡಸಾಹೇಬ್ರು ಕರೆಸಿದ್ರು ಅಮ್ಮ. ನೀನು ತಪ್ಪಾಯ್ತು ಅಂತ ಹೇಳಿದ್ರೆ ಕೇಸು ವಾಪಸ್ ತಗೋತಾರಂತೆ. ಇಲ್ಲ ಅಂದ್ರೆ ನನ್ನ ಸರ್ಟಿಫಿಕೇಟ್ ಕೊಡಲ್ಲ ಅಂದ್ರು. ಏಳು ವಾರ ಅಮ್ಮ. ಏಳೇ ವಾರ ಉಳಿದಿರೋದು.”

“ತಪ್ಪಾಯ್ತು ಅಂತೀನಿ ಬಿಡೇ,” ಎಂದಳು ತುತ್ತೂರಿ, ಒಂದು ಕ್ಷಣವೂ ತಡೆಯದೆ. “ನನ್ನ ಬಾಯಿಗೇನು, ಬೈದದ್ದೂ ಅದೇ, ಬೇಡಿಕೊಳ್ಳೋದೂ ಅದೇ. ಮೂಗು ಒರೆಸ್ಕೋ.”

ಅವಳಿಗೆ ಅದು ದೊಡ್ಡ ವಿಷಯವಾಗಿರಲಿಲ್ಲ. ಇಪ್ಪತ್ತೆರಡು ವರ್ಷದಲ್ಲಿ ಅವಳು ಎಷ್ಟು ಸಲ ತಪ್ಪಾಯ್ತು ಎಂದಿದ್ದಳೋ. ಕಲೆ ಹೋಗದ್ದಕ್ಕೆ ತಪ್ಪಾಯ್ತು, ಸೋಪು ಜಾಸ್ತಿ ಖರ್ಚಾದದ್ದಕ್ಕೆ ತಪ್ಪಾಯ್ತು, ಗಂಡ ಸತ್ತ ವಾರ ಕೆಲಸಕ್ಕೆ ಬರದಿದ್ದಕ್ಕೂ ತಪ್ಪಾಯ್ತು. ಅದರ ಜೊತೆಗೆ ಇನ್ನೊಂದು.

ಆ ಮಾತಿನ ಮೇಲೆ ಅವಳನ್ನು ಲಾಕಪ್ಪಿನಿಂದ ಬಿಟ್ಟರು. ದೊಡ್ಡಸಾಹೇಬನ ಕೋಣೆಗೆ ಅವಳು ಹೋದದ್ದು ಅದೇ ಮೊದಲು. ಬಾಗಿಲಲ್ಲೇ ಗುಮಾಸ್ತ ತಡೆದ. ನೆಲದ ಮೇಲೆ ಒಂದು ದಿನಪತ್ರಿಕೆ ಹಾಸಿ, “ಇದರ ಮೇಲೆ ನಿಂತ್ಕೋ, ಈಚೆ ಆಚೆ ಕಾಲಿಡಬೇಡ,” ಎಂದ.

ತುತ್ತೂರಿ ದಿನಪತ್ರಿಕೆಯ ಮೇಲೆ ನಿಂತಳು. ಕಾಲಿನ ಕೆಳಗೆ ಯಾರದೋ ಫೋಟೋ ಇತ್ತು. ಬಗ್ಗಿ ನೋಡಿದಳು.

“ಸಾರ್, ಇದು ಮಂತ್ರಿಗಳಲ್ವಾ? ಹೀಗೆ ಅವರ ಮುಖದ ಮೇಲೆ ನಿಂತ್ರೆ ಹಗುರ ಆಗಲ್ವಾ?”

ಗುಮಾಸ್ತ ಹೌಹಾರಿ ಪತ್ರಿಕೆಯನ್ನು ಎಳೆದುಕೊಂಡು ಬೇರೊಂದು ಹಾಳೆ ತಿರುವಿದ. ಅದರಲ್ಲಿ ಟೈರಿನ ಜಾಹೀರಾತಿತ್ತು.

ದೊಡ್ಡಸಾಹೇಬ ತುಂಬ ಮೃದುವಾಗಿ ಮಾತಾಡಿದ. ಮಾತಿನ ಮಧ್ಯೆ ಮಧ್ಯೆ ಜೇಬಿನ ಬಾಟಲಿಯಿಂದ ಸ್ಪಿರಿಟ್ಟು ಸುರಿದುಕೊಂಡು ಕೈ ಉಜ್ಜಿಕೊಳ್ಳುತ್ತಿದ್ದ.

“ನೋಡಮ್ಮಾ, ನನಗೆ ನಿನ್ನ ಮೇಲೆ ಸಿಟ್ಟಿಲ್ಲ. ಸಿಟ್ಟು ಯಾರ ಮೇಲೆ ಬರುತ್ತೆ? ಸಮಾನರ ಮೇಲೆ. ನೀನು ಪಾಪ, ಓದು ಬರಹ ಇಲ್ಲದವಳು. ಯಾರೋ ನಿನ್ನ ಬಾಯಲ್ಲಿ ಆಡಿಸಿದ್ದಾರೆ. ಯಾರು ಅಂತ ನಾನು ಕೇಳಲ್ಲ.”

“ಯಾರೂ ಇಲ್ಲ ಸಾರ್. ಬಾಯಿ ನಂದೇ.”

“ಮಾತಾಡಬೇಡ ಅಂತ ನಿನಗೆ ಹುಟ್ಟಿದಾಗಿಂದ ಯಾರೂ ಹೇಳಿಲ್ವಾ?”

“ಎಲ್ಲರೂ ಹೇಳಿದಾರೆ ಸಾರ್.”

ಅವನು ನಕ್ಕ. ಗುಮಾಸ್ತನೂ ನಕ್ಕ, ಅರ್ಧ ಕ್ಷಣ ತಡವಾಗಿ. ಎರಡು ಹಾಳೆ ಅವಳ ಕೈಗೆ ಬಂದವು. ನಾಳೆ ಹನ್ನೊಂದು ಗಂಟೆಗೆ, ಮುಂಭಾಗದ ಹಜಾರದಲ್ಲಿ, ಎಲ್ಲ ಸಿಬ್ಬಂದಿಯ ಎದುರು ಇದನ್ನು ಓದಬೇಕು. ಆಸ್ಪತ್ರೆಯ ಖಾತೆಯಿಂದಲೇ ನೇರ ಪ್ರಸಾರ. ಊರೆಲ್ಲ ನೋಡಿ ನಕ್ಕಿದೆ, ಊರೆಲ್ಲ ನೋಡಬೇಕು.

ಸಂಜೆ ಮನೆಯಲ್ಲಿ, ಒಂದೇ ಕಿಟಕಿಯ ಆ ಕೋಣೆಯಲ್ಲಿ, ಮಗಳು ಹಾಳೆ ಹಿಡಿದು ಪಾಠ ಮಾಡಿದಳು. ತುತ್ತೂರಿ ಅಕ್ಷರ ಕಲಿತದ್ದೂ ಮಗಳಿಂದಲೇ. ಮಗಳು ಮೂರನೇ ತರಗತಿಯಲ್ಲಿದ್ದಾಗ ಪಾಟಿ ಹಂಚಿಕೊಂಡು.

“ನಾನು... ಅ-ಜ್ಞಾ-ನ-ದಿಂ-ದ... ಇಲ್ಲಿ ತಲೆ ತಗ್ಗಿ—”

“ಅದನ್ನ ಓದಬಾರದು ಅಮ್ಮ. ಕಂಸದೊಳಗೆ ಇರೋದನ್ನ ಓದಬಾರದು, ಮಾಡಬೇಕು.”

“ಕಂಸ ಅಂದ್ರೆ?”

“ಈ ಬಿಲ್ಲು ಬಿಲ್ಲು ಗೆರೆ. ಇದರೊಳಗೆ ಇರೋದು ನೀನೇನು ಮಾಡಬೇಕು ಅಂತ. ತಲೆ ತಗ್ಗಿಸು ಅಂದ್ರೆ ತಗ್ಗಿಸು.”

“ಸಿನಿಮಾದೋರ ಹಾಗಾ? ಇದೇನೇ ಇದು... ‘ಕ-ಣ್ಣೀ-ರು, ಸಾ-ಧ್ಯ-ವಾ-ದ-ರೆ.’” ತುತ್ತೂರಿ ಹಾಸಿಗೆಯ ಮೇಲೆ ಬಿದ್ದು ನಕ್ಕಳು. “ಈರುಳ್ಳಿ ಕೊಡ್ತಾರೇನೇ?”

“ಅಮ್ಮ!” ಮಗಳು ಕಿರುಚಿದಳು. “ನಗಬೇಡ. ನಿನಗೆ ಎಲ್ಲ ತಮಾಷೆ. ನಾನು ಮೂರು ವರ್ಷ ರೋಗಿಗಳ ಮಲ ಉಚ್ಚೆ ಬಾಚಿ ಇಲ್ಲೀವರೆಗೆ ಬಂದಿದೀನಿ. ನಿನ್ನ ಹಾಗೆ ತೊಟ್ಟೀಲಿ ಕೈ ಅದ್ದಿ ಸಾಯೋಕೆ ನನಗಿಷ್ಟ ಇಲ್ಲ.”

ತುತ್ತೂರಿ ಎದ್ದು ಕೂತಳು. ಪಕ್ಕದ ಮನೆಯ ನಲ್ಲಿ ಸುರಿಯುವ ಸದ್ದು ಕೇಳಿಸಿತು.

“ಅದಕ್ಕೇ ತಾನೇ ಓದಿಸಿದ್ದು,” ಎಂದಳು ತುತ್ತೂರಿ. “ಹೂಂ, ಹೇಳ್ಕೊಡು. ನಗಲ್ಲ.”

ಮೊದಲ ಹಾಳೆಯನ್ನು ಹತ್ತು ಸಲ ಓದಿದರು. ಎರಡನೆಯದನ್ನು ತಿರುವಿದಾಗ ಮಗಳು ಒಮ್ಮೆ ಕಣ್ಣಾಡಿಸಿದಳು. ಹಾಳೆಯನ್ನು ಮಡಿಚಿದಳು.

“ಇದೂ ಹೀಗೇ ಇದೆ. ಬೆಳಿಗ್ಗೆ ಹೇಳ್ಕೊಡ್ತೀನಿ. ಮಲ್ಕೋ.”

ಬೆಳಿಗ್ಗೆ ಏಳುವಷ್ಟರಲ್ಲಿ ಮಗಳು ಡ್ಯೂಟಿಗೆ ಹೋಗಿಬಿಟ್ಟಿದ್ದಳು. ಮಡಿಚಿದ ಹಾಳೆಗಳು ಮೇಜಿನ ಮೇಲಿದ್ದವು.

ಹನ್ನೊಂದಕ್ಕೆ ಹಜಾರ ತುಂಬಿತ್ತು. ಆಯಾಗಳು, ಅಡುಗೆಯವರು, ಲಿಫ್ಟು ನಡೆಸುವವನು, ಶವಾಗಾರದ ಕಾವಲುಗಾರ, ಶೆಡ್ಡಿನ ಹೆಂಗಸರು, ನೀಲಿ ಯೂನಿಫಾರ್ಮಿನ ತರಬೇತಿಯ ಹುಡುಗಿಯರು ಎರಡು ಸಾಲಾಗಿ. ಹಾಜರಿ ಕಡ್ಡಾಯ. ಮುಂದಿನ ಸಾಲಿನ ಕುರ್ಚಿಗಳಲ್ಲಿ ಡಾಕ್ಟರುಗಳು, ನಡುವೆ ದೊಡ್ಡಸಾಹೇಬ. ಪಕ್ಕದಲ್ಲಿ ಇನ್‌ಸ್ಪೆಕ್ಟರು. ಕಾಲು ಮುರಿದ ರೋಗಿಯೊಬ್ಬ ಏನೋ ನಡೆಯುತ್ತಿದೆಯೆಂದು ಗಾಲಿ ಕುರ್ಚಿ ತಳ್ಳಿಕೊಂಡು ಬಂದಿದ್ದ, ಯಾರೂ ಕಳಿಸಲಿಲ್ಲ. ಪ್ರಚಾರ ವಿಭಾಗದವನು ಫೋನನ್ನು ಸ್ಟ್ಯಾಂಡಿಗೆ ಸಿಕ್ಕಿಸಿ ಹೆಬ್ಬೆರಳು ಎತ್ತಿದ. ಶುರು.

ತುತ್ತೂರಿ ಓದಿದಳು. ಅಕ್ಷರ ಅಕ್ಷರ ಹೆಕ್ಕಿ, ಆದರೆ ತಪ್ಪಿಲ್ಲದೆ. ಅಜ್ಞಾನದಿಂದ ಆಡಿದ ಮಾತು ಎಂದಳು, ತಲೆ ತಗ್ಗಿಸಿದಳು. ತಂದೆಯ ಸಮಾನರಾದ ನಿರ್ದೇಶಕರು ಎಂದಳು, ಕೈ ಮುಗಿದಳು. ದೊಡ್ಡಸಾಹೇಬ ಅವಳಿಗಿಂತ ನಾಲ್ಕು ವರ್ಷಕ್ಕೆ ಚಿಕ್ಕವನು. ಕಣ್ಣೀರು ಬರಲಿಲ್ಲ, ಆದರೂ ಏಪ್ರನ್ನಿನ ತುದಿಯಿಂದ ಕಣ್ಣೊರೆಸಿದಳು. ದೊಡ್ಡಸಾಹೇಬ ಕುರ್ಚಿಯಲ್ಲಿ ಹಿಂದಕ್ಕೆ ಒರಗಿದ. ನೀಲಿ ಸಾಲಿನಲ್ಲಿ ಮಗಳು ನೆಲ ನೋಡುತ್ತಿದ್ದಳು.

ಎರಡನೆಯ ಹಾಳೆ.

“ವಿ-ಡಿ-ಯೋ-ದಲ್ಲಿ ತೋ-ರಿ-ಸಿ-ದ... ಸ-ಹೋ-ದ್ಯೋ-ಗಿ-ಯ ಕೈ-ಗ-ಳ ಗಾ-ಯ... ನಿ-ಜ-ವ-ಲ್ಲ. ಅ-ನು-ಕಂ-ಪ ಗಿ-ಟ್ಟಿ-ಸಲು... ನಾ-ವು... ಬ—”

ಮುಂದಿನ ಅಕ್ಷರಗಳು ಅವಳ ನಾಲಿಗೆಗಿಂತ ಮೊದಲೇ ಅವಳಿಗೆ ಗೊತ್ತಾದವು. ಬಣ್ಣ. ನಾವು ಬಣ್ಣ ಬಳಿದಿದ್ದೆವು.

ಅವಳು ತಲೆ ಎತ್ತಿದಳು. ಶೆಡ್ಡಿನ ಹೆಂಗಸರ ನಡುವೆ ದೊಡ್ಡಕ್ಕ ನಿಂತಿದ್ದಳು, ಎರಡೂ ಕೈಗೆ ಹಳೆಯ ಹಾಸಿಗೆ ಬಟ್ಟೆಯ ಪಟ್ಟಿ ಸುತ್ತಿಕೊಂಡು. ಓದಿದ್ದು ಅವಳಿಗೆ ಪೂರಾ ಅರ್ಥವಾಗಿರಲಿಲ್ಲ. ತನ್ನ ವಿಷಯವೇನೋ ಬಂತೆಂದು ಕತ್ತು ಚಾಚಿದ್ದಳು. ತುತ್ತೂರಿ ನೀಲಿ ಸಾಲಿನ ಕಡೆ ನೋಡಿದಳು. ಮಗಳು ಇನ್ನೂ ನೆಲವನ್ನೇ ನೋಡುತ್ತಿದ್ದಳು, ಕಿವಿಯವರೆಗೆ ಕೆಂಪಾಗಿ. ಹಾಳೆ ಯಾಕೆ ಮಡಿಚಿಟ್ಟಳು ಎಂದು ತಾಯಿಗೆ ಆಗ ತಿಳಿಯಿತು.

“ಓದೇ,” ಗುಮಾಸ್ತ ಹಲ್ಲು ಕಚ್ಚಿ ಪಿಸುಗುಟ್ಟಿದ. “ಬಣ್ಣ. ಬಣ್ಣ ಬಳಿದಿದ್ದೆವು.”

ತುತ್ತೂರಿ ಗಂಟಲು ಸರಿಪಡಿಸಿಕೊಂಡಳು. ಹಾಳೆಗಳನ್ನು ಅದಲು ಬದಲು ಮಾಡಿ ಮೊದಲನೆಯದನ್ನು ಮತ್ತೆ ಮೇಲಿಟ್ಟಳು.

“ತಪ್ಪಾಯ್ತು. ಸರಿಯಾಗಿ ಓದಿಲ್ಲ. ಮೊದಲಿಂದ ಓದ್ತೀನಿ, ಒಂದು ಅಕ್ಷರ ಬಿಡದ ಹಾಗೆ.”

ಈಗ ಅವಳು ಶೆಡ್ಡಿನ ದನಿಯಲ್ಲಿ ಓದಿದಳು.

“ಕ್ಷಮಾಪಣೆ. ಕಂಸ. ಕರಡು ಮೂರು, ದೊಡ್ಡಸಾಹೇಬರು ಸ್ವತಃ ತಿದ್ದಿದ್ದು. ಕಂಸ ಮುಗೀತು. ನಾನು ಅಜ್ಞಾನದಿಂದ ಆಡಿದ ಮಾತಿಗೆ. ಕಂಸ. ಇಲ್ಲಿ ತಲೆ ತಗ್ಗಿಸುವುದು. ಕಂಸ ಮುಗೀತು. ತಂದೆಯ ಸಮಾನರಾದ ನಿರ್ದೇಶಕರಲ್ಲಿ. ಕಂಸ. ಕೈ ಮುಗಿಯುವುದು, ದೊಡ್ಡಸಾಹೇಬರ ಕಡೆ ತಿರುಗಿ, ಕ್ಯಾಮರಾಕ್ಕೆ ಬೆನ್ನು ಹಾಕದಂತೆ. ಕಂಸ ಮುಗೀತು. ಕಂಸ. ಕಣ್ಣೀರು, ಸಾಧ್ಯವಾದರೆ.”

ಮೊದಲು ಯಾರಿಗೂ ಏನಾಗುತ್ತಿದೆಯೆಂದು ತಿಳಿಯಲಿಲ್ಲ. ಆಮೇಲೆ ಒಂದು ನಗು ಸಿಡಿಯಿತು. ತಡೆದು ತಡೆದು ಸಾಕಾಗಿ ಮೂಗಿನಿಂದ ಹೊರಬಿದ್ದ ನಗು. ಅದು ನೀಲಿ ಸಾಲಿನಿಂದ ಬಂತು. ತುತ್ತೂರಿಗೆ ಆ ನಗು ತೊಟ್ಟಿಲಿನ ಕಾಲದಿಂದ ಗೊತ್ತು.

ಮಗಳು ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡು, ಕಣ್ಣಲ್ಲಿ ನೀರು ಸುರಿಸುತ್ತ ನಗುತ್ತಿದ್ದಳು. ಅವಳ ಪಕ್ಕದವಳು ನಕ್ಕಳು. ಲಿಫ್ಟಿನವನು ನಕ್ಕ. ಗಾಲಿ ಕುರ್ಚಿಯವನು ಪ್ಲಾಸ್ಟರಿನ ಕಾಲು ಬಡಿದುಕೊಂಡು “ಅಯ್ಯೋ, ಅಯ್ಯೋ” ಎನ್ನುತ್ತ ನಕ್ಕ. ಹಜಾರ ಪೂರಾ ಎದ್ದು ಬಿದ್ದು ನಗುವಾಗ ಮುಂದಿನ ಸಾಲಿನ ಡಾಕ್ಟರೊಬ್ಬರು ಜೋರಾಗಿ ಸೀನುವಂತೆ ನಟಿಸಿದರು.

“ನಿಲ್ಸಿ ಅದನ್ನ!” ದೊಡ್ಡಸಾಹೇಬ ಎದ್ದ. ಪ್ರಚಾರ ವಿಭಾಗದವನು ಗಾಬರಿಯಲ್ಲಿ ಏನೋ ಒತ್ತಿದ. ಪ್ರಸಾರ ನಿಲ್ಲಲಿಲ್ಲ, ಕ್ಯಾಮರಾ ಹಿಂದುಮುಂದಾಗಿ ದೊಡ್ಡಸಾಹೇಬನ ಕೆಂಪು ಮುಖವನ್ನೇ ತೋರಿಸತೊಡಗಿತು.

ತುತ್ತೂರಿ ಹಾಳೆ ಕೆಳಗಿಟ್ಟಳು. “ಇನ್ನು ಎರಡನೇ ಹಾಳೆ. ದೊಡ್ಡಕ್ಕನ ಕೈಗೆ ನಾವು ಬಣ್ಣ ಬಳಿದಿದ್ದೆವಂತೆ. ನನಗೇನು ಬೇಕಾದ್ರೂ ಅನ್ನಿ ಸಾಹೇಬ್ರೇ, ನಾನು ಅಜ್ಞಾನಿ, ಬಾಯಿಬಡುಕಿ, ಒಪ್ಪಿದೆ. ಬಣ್ಣ ಅಂತ ನನ್ನ ಬಾಯಲ್ಲಿ ಬರಲ್ಲ. ಇಲ್ಲೇ ಇದಾಳೆ. ಬನ್ನಿ, ನೀವೇ ಒರೆಸಿ ನೋಡಿ.”

ನಗು ಒಮ್ಮೆಗೇ ನಿಂತಿತು. ಈಗ ದೊಡ್ಡಕ್ಕನಿಗೆ ಅರ್ಥವಾಗಿತ್ತು. ಅವಳು ಯಾರನ್ನೂ ಕೇಳದೆ ಮುಂದೆ ಬಂದಳು. ಹಲ್ಲಿನಿಂದ ಗಂಟು ಬಿಚ್ಚಿ ಪಟ್ಟಿಯನ್ನು ಸುರುಳಿ ಸುರುಳಿಯಾಗಿ ಬಿಚ್ಚಿದಳು; ಕೊನೆಯ ಸುತ್ತು ಚರ್ಮಕ್ಕೆ ಅಂಟಿತ್ತು, ಅದನ್ನೂ ಎಳೆದಳು. ಎರಡೂ ಅಂಗೈಗಳನ್ನು ದೊಡ್ಡಸಾಹೇಬನ ಮುಂದೆ ಚಾಚಿದಳು.

ಅವನು ಒಂದು ಹೆಜ್ಜೆ ಹಿಂದೆ ಸರಿದ. ಕುರ್ಚಿ ತಗಲಿ ದೊಪ್ಪನೆ ಕೂತುಕೊಂಡ. ಅಭ್ಯಾಸ ಬಲದಿಂದ ಅವನ ಕೈ ಜೇಬಿಗೆ ಹೋಗಿ ಆ ಬಾಟಲಿ ಹೊರತೆಗೆಯಿತು. ಊರು ಅದನ್ನೂ ನೋಡಿತು.

ಇನ್‌ಸ್ಪೆಕ್ಟರಿಗೆ ಆ ಮಧ್ಯಾಹ್ನ ತಲೆ ಕೆಟ್ಟುಹೋಯಿತು. ಕೊಟ್ಟದ್ದನ್ನು ಅಕ್ಷರ ಬಿಡದೆ ಓದಿದ್ದಕ್ಕೆ ಯಾವ ಕಲಂ? ಓದಿದವಳ ಮೇಲೆ ಹಾಕಿದರೆ ಬರೆದವರ ಹೆಸರು ಬರುತ್ತದೆ. ಕರಡು ಮೂರು, ಸ್ವತಃ ತಿದ್ದಿದ್ದು. ನೇರ ಪ್ರಸಾರವಾದದ್ದು ಆಸ್ಪತ್ರೆಯ ಖಾತೆಯಿಂದ. “ಕಲಂ ಪ್ರಕಾರ ಹಾಕಿದವನೂ ಆರೋಪಿ ಸಾರ್,” ಎಂದು ಪೇದೆ ನೆನಪಿಸಿದಾಗ “ಮುಚ್ಚೋ ಬಾಯಿ” ಎಂದ. ಅರ್ಧ ಗಂಟೆಗೊಮ್ಮೆ ಮೇಲಿನಿಂದ ಫೋನು ಬರುತ್ತಿತ್ತು. ಕೊನೆಗೆ ಅವನಿಗೆ ಸುಲಭವಾದದ್ದು ಒಂದೇ ಉಳಿಯಿತು: ನಕ್ಕವರ ಪಟ್ಟಿ.

ತುತ್ತೂರಿಯನ್ನೂ ಮಗಳನ್ನೂ ಠಾಣೆಯ ಬೆಂಚಿನ ಮೇಲೆ ಕೂರಿಸಿದ್ದರು, ಮೊದಲ ವಿಡಿಯೋದ ಕೇಸಿಗೆ ಕೋರ್ಟಿಗೆ ಒಯ್ಯುವ ವ್ಯಾನು ಬರುವವರೆಗೆ. ತರಬೇತಿಯಿಂದ ತೆಗೆದುಹಾಕಿದ ಪತ್ರ ಮೂರು ಗಂಟೆಗೇ ಬಂದಿತ್ತು. ಮಗಳು ಅದನ್ನು ಯೂನಿಫಾರ್ಮಿನ ಜೇಬಿನಲ್ಲಿ ತುರುಕಿಕೊಂಡಿದ್ದಳು.

“ಏಳು ವಾರ,” ಎಂದಳು ತುತ್ತೂರಿ. ಅವಳ ದನಿ ಅಷ್ಟು ಸಣ್ಣಗಾದದ್ದನ್ನು ಮಗಳು ಕೇಳಿರಲಿಲ್ಲ. “ನಾನು ಬಾಯಿ ಮುಚ್ಕೊಂಡು ಓದಿಬಿಡಬೇಕಿತ್ತೇನೋ.”

“ಆ ಹಾಳೆ ನಾನು ಮುಚ್ಚಿಟ್ಟೆ ಅಮ್ಮ. ಗೊತ್ತಿದ್ದೂ.”

“ಹೂಂ. ನೋಡಿದೆ.”

“ಬೈಯಲ್ವಾ?”

“ಬೈದ್ರೆ ಇವನು ಬರ್ಕೋತಾನೆ,” ಎಂದು ತುತ್ತೂರಿ ಪೇದೆಯ ಕಡೆ ಗದ್ದ ಎತ್ತಿ ತೋರಿಸಿದಳು. ಮಗಳು ತಾಯಿಯ ಭುಜಕ್ಕೆ ಹಣೆ ಒತ್ತಿದಳು. ಅವಳು ಅಳುತ್ತಿದ್ದಳೋ ನಗುತ್ತಿದ್ದಳೋ, ಬೆನ್ನು ಅಲುಗುತ್ತಿತ್ತು.

ನಕ್ಕವರು ಶಿಫ್ಟು ಮುಗಿಸಿಕೊಂಡು ಬರತೊಡಗಿದರು. ಕರೆದದ್ದು ಹದಿನಾಲ್ಕು ಜನರನ್ನು, ವಿಡಿಯೋದಲ್ಲಿ ಹಲ್ಲು ಸ್ಪಷ್ಟವಾಗಿ ಕಂಡವರನ್ನು. ಬಂದವರ ಸಾಲು ಬಾಗಿಲು ದಾಟಿ ಮೆಟ್ಟಿಲಿಳಿದು ರಸ್ತೆಗೆ ಹೋಗಿತ್ತು. ಅಡುಗೆಯವರು, ಆಯಾಗಳು, ಶೆಡ್ಡಿನವರೆಲ್ಲ. ಕಂಡಕ್ಟರ್ ಮತ್ತೆ ಬಂದಿದ್ದ. ಗಾಲಿ ಕುರ್ಚಿಯವನು ಮೆಟ್ಟಿಲ ಕೆಳಗಿನಿಂದ “ನಾನು ಎಲ್ಲರಿಗಿಂತ ಜಾಸ್ತಿ ನಕ್ಕೆ, ನನ್ನ ಹೆಸರು ಮೇಲಿರಲಿ” ಎಂದು ಕೂಗುತ್ತಿದ್ದ. ಶವಾಗಾರದ ಕಾವಲುಗಾರ ಮೇಜಿನ ಮುಂದೆ ನಿಂತು, “ನಾನು ನಗಲಿಲ್ಲ ಸಾರ್, ನನಗೆ ರೂಢಿ ಇಲ್ಲ. ಆದ್ರೂ ಬರ್ಕೊಳ್ಳಿ,” ಎಂದ.

ಅವನ ಹಿಂದೆ ದೊಡ್ಡಕ್ಕ.

“ನಕ್ಕೆಯಾ?” ಇನ್‌ಸ್ಪೆಕ್ಟರು ತಲೆ ಎತ್ತದೆ ಕೇಳಿದ.

“ನಕ್ಕೆ.”

“ಸಹಿ ಬರುತ್ತಾ?”

“ಇಲ್ಲ.”

“ಹೆಬ್ಬೆಟ್ಟು ಒತ್ತಿಸ್ಕೋ,” ಎಂದ ಪೇದೆಗೆ.

ಪೇದೆ ಶಾಯಿ ಪ್ಯಾಡು ಮುಂದೆ ತಳ್ಳಿದ. ದೊಡ್ಡಕ್ಕ ಪಟ್ಟಿಯಿಂದ ಹೆಬ್ಬೆರಳು ಹೊರತೆಗೆದು ಒತ್ತಿದಳು, ಕಾಗದದ ಮೇಲಿಟ್ಟಳು. ಪೇದೆ ನೋಡಿದ. ಕಾಗದದ ಮೇಲೆ ಕಪ್ಪು ಮಚ್ಚೆಯೊಂದು ಬಿದ್ದಿತ್ತು, ಮಸಿ ಚೆಲ್ಲಿದ ಹಾಗೆ.

“ಗೆರೆ ಬಂದಿಲ್ಲ ಸಾರ್.”

“ಜೋರಾಗಿ ಒತ್ತಿಸೋ.”

ಪೇದೆ ಅವಳ ಬೆರಳ ಮೇಲೆ ತನ್ನ ಬೆರಳಿಟ್ಟು ಒತ್ತಿದ. ದೊಡ್ಡಕ್ಕ ಹಲ್ಲು ಕಚ್ಚಿದಳು. ಮತ್ತೊಂದು ಮಚ್ಚೆ.

“ಆ ಕೈಯದು ತಗೋ.”

ಎಡಗೈ ಹೆಬ್ಬೆರಳು. ಮಚ್ಚೆ. ತೋರುಬೆರಳು. ಮಚ್ಚೆ. ಪೇದೆ ಕಾಗದ ಎತ್ತಿ ಕಿಟಕಿಯ ಬೆಳಕಿಗೆ ಹಿಡಿದ. ಈ ಸಲ ಅವನು ಕೆಮ್ಮಲಿಲ್ಲ. ಇನ್‌ಸ್ಪೆಕ್ಟರು ಎದ್ದು ಬಂದು ಕಾಗದ ನೋಡಿದ, ಕೈ ನೋಡಿದ, ಮತ್ತೆ ಕಾಗದ ನೋಡಿದ.

“ಇನ್ನೊಂದು ಬೆರಳು,” ಎಂದ.

ದೊಡ್ಡಕ್ಕ ಇನ್ನೊಂದು ಬೆರಳು ಚಾಚಿದಳು. ಹಿಂದೆ ಸಾಲು ಒಂದು ಹೆಜ್ಜೆ ಮುಂದೆ ಬಂತು.